ಬಾಲ್ಡ್ ಸೈಪ್ರೆಸ್ ಬೋನ್ಸಾಯ್: ಕಾಂಡ ಕೊಯ್ದ ಗಾಯಕ್ಕೆ ಆಕಾರ ಕೊಟ್ಟು ಮಾಯಿಸುವ ಬಗೆ, ಕೊಡಗಿನ ಮಳೆ ಲೆಕ್ಕದಲ್ಲಿ

ನರ್ಸರಿಯಲ್ಲಿ ಸಿಗುವ ಬಾಲ್ಡ್ ಸೈಪ್ರೆಸ್ ಗಿಡ ನೆಟ್ಟಗೆ ಉದ್ದಕ್ಕೆ ಬೆಳೆದಿರುತ್ತದೆ. ಬುಡ ಬಿಟ್ಟರೆ ತುದಿವರೆಗೂ ಹೆಚ್ಚುಕಡಿಮೆ ಒಂದೇ ದಪ್ಪ. ಅದರಿಂದ ಬೋನ್ಸಾಯ್ ಮಾಡಬೇಕು ಅಂದರೆ ಒಂದಲ್ಲ ಒಂದು ದಿನ ಕಾಂಡವನ್ನೇ ಅಡ್ಡ ಕೊಯ್ಯಬೇಕು. ಕೊಯ್ಯಲು ಐದು ನಿಮಿಷ ಸಾಕು. ಕೊಯ್ದ ಜಾಗ ಕಣ್ಣಿಗೆ ಕುಕ್ಕದ ಹಾಗೆ ಮಾಡಲು ವರ್ಷಗಳು ಬೇಕು.

ಈ ವಿಷಯ ಬಂದಾಗ ಎಲ್ಲರೂ ಮೊದಲು ಕೇಳುವುದು ಯಾವ ಪೇಸ್ಟ್ ಹಚ್ಚಬೇಕು ಅಂತ. ಪೇಸ್ಟ್ ಬೇಕು, ಇಲ್ಲ ಅಂತಲ್ಲ. ಆದರೆ ಗಾಯ ಮುಚ್ಚುವುದು ಪೇಸ್ಟ್ ಅಲ್ಲ, ಗಾಯಕ್ಕಿಂತ ಮೇಲ್ಗಡೆ ಬೆಳೆಯುವ ಎಲೆ. ಎಲೆ ಜಾಸ್ತಿ ಇದ್ದಷ್ಟೂ ತೊಗಟೆಯ ಒಳಗೆ ಆಹಾರ ಜಾಸ್ತಿ ಇಳಿಯುತ್ತದೆ, ಗಾಯದ ಅಂಚು ಅಷ್ಟು ಬೇಗ ಉರುಳಿ ಬರುತ್ತದೆ. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಮರದ ಬಗ್ಗೆ ಸ್ವಲ್ಪ

ಸಸ್ಯಶಾಸ್ತ್ರದ ಹೆಸರು ಟ್ಯಾಕ್ಸೋಡಿಯಂ ಡಿಸ್ಟಿಕಮ್. ಊರು ಅಮೆರಿಕದ ಆಗ್ನೇಯ ಭಾಗದ ಜೌಗು ಕಾಡು. ಲೂಸಿಯಾನಾ ರಾಜ್ಯಕ್ಕೆ ಇದೇ ಅಧಿಕೃತ ಮರ. ಪೈನ್, ದೇವದಾರುಗಳ ಬಳಗದ್ದಾದರೂ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ. ನಾರ್ತ್ ಕೆರೊಲಿನಾದ ಬ್ಲ್ಯಾಕ್ ರಿವರ್ ಜೌಗಿನಲ್ಲಿರುವ ಒಂದು ಮರದ ಉಂಗುರ ಎಣಿಸಿ ಅದಕ್ಕೆ ಕಡಿಮೆ ಅಂದರೂ 2,624 ವರ್ಷ ವಯಸ್ಸು ಎಂದು 2019ರಲ್ಲಿ ಪ್ರಕಟಿಸಿದರು.

ಇಷ್ಟು ಬಾಳುವ ಮರ ಗಾಳಿ, ಸಿಡಿಲಿಗೆ ತುದಿ ಕಳೆದುಕೊಳ್ಳದೆ ಇರುವುದಿಲ್ಲ. ಹಳೆಯ ಸೈಪ್ರೆಸ್‌ಗಳ ತಲೆ ಚಪ್ಪಟೆಯಾಗಿ, ಕೊಂಬೆಗಳು ಅಗಲಕ್ಕೆ ಹರಡಿ ನಿಂತಿರುತ್ತವೆ. ನ್ಯೂ ಆರ್ಲಿಯನ್ಸ್‌ನ ಬೋನ್ಸಾಯ್ ಕಲಾವಿದ ವಾನ್ ಬ್ಯಾಂಟಿಂಗ್ ಇದನ್ನೇ ಬೋನ್ಸಾಯ್‌ಗೆ ತಂದು 'ಫ್ಲ್ಯಾಟ್ ಟಾಪ್' ಶೈಲಿಯನ್ನು ರೂಢಿಗೆ ತಂದರು. ಅಂದರೆ ತುದಿ ಮುರಿದ ಗುರುತು ಈ ಮರಕ್ಕೆ ಪರಕೀಯವೇನಲ್ಲ. ಗರಗಸದ ಗುರುತು ಮಾತ್ರ ಪರಕೀಯ.

ಗಿಡ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಮೆಟಾಸಿಕೋಯಾ ಅನ್ನೋ ಇನ್ನೊಂದು ಗಿಡ ನೋಡಲು ಹೀಗೇ ಇರುತ್ತದೆ. ಅದರ ಎಲೆಗಳು ಕಡ್ಡಿಯ ಎರಡೂ ಕಡೆ ಎದುರುಬದುರು ಜೋಡಿಯಾಗಿರುತ್ತವೆ. ಬಾಲ್ಡ್ ಸೈಪ್ರೆಸ್‌ನಲ್ಲಿ ಒಂದು ಮೇಲೆ ಒಂದು ಕೆಳಗೆ ಬರುತ್ತವೆ. ಮೆಕ್ಸಿಕೋ ಕಡೆಯ ಮಾಂಟೆಝುಮಾ ಸೈಪ್ರೆಸ್ ಹತ್ತಿರದ ಸಂಬಂಧಿ, ಚಳಿ ಕಡಿಮೆ ಇರುವಲ್ಲಿ ಎಲೆ ಪೂರ್ತಿ ಉದುರಿಸುವುದಿಲ್ಲ. ಗಾಯದ ವಿಷಯದಲ್ಲಿ ಎರಡಕ್ಕೂ ಇದೇ ವಿಧಾನ ನಡೆಯುತ್ತದೆ.

ಗಾಯ ಮುಚ್ಚುವುದು ಹೇಗೆ

ಕೊಯ್ದ ಮರ ಮತ್ತೆ ಬೆಳೆಯುವುದಿಲ್ಲ. ನಮ್ಮ ಚರ್ಮದ ಹಾಗೆ ಗಾಯದ ನಡುವಿನಿಂದ ಹೊಸದು ಹುಟ್ಟುವುದಿಲ್ಲ. ತೊಗಟೆ ಮತ್ತು ಮರದ ನಡುವೆ ತೆಳ್ಳಗೆ, ಹಸಿಯಾಗಿ, ಜಾರುವ ಒಂದು ಪದರ ಇದೆ. ಅದೇ ಕ್ಯಾಂಬಿಯಂ. ಗಾಯದ ಸುತ್ತ ಆ ಪದರದಿಂದ ಕ್ಯಾಲಸ್ ಅನ್ನೋ ಉಬ್ಬು ಹುಟ್ಟಿ, ಒಳಗೆ ಉರುಳುತ್ತಾ ಬಂದು, ಹಳೆಯ ಮರವನ್ನು ಮುಚ್ಚುತ್ತದೆ. ಒಳಗಿನ ಮರ ಹಾಗೇ ಇರುತ್ತದೆ. ಅಮೆರಿಕದ ಮರ ವಿಜ್ಞಾನಿ ಅಲೆಕ್ಸ್ ಶೈಗೋ ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಹೇಳಿದ್ದೂ ಇದನ್ನೇ: ಮರ ಗಾಯವನ್ನು ವಾಸಿ ಮಾಡುವುದಿಲ್ಲ, ಗೋಡೆ ಕಟ್ಟಿ ಬೇರೆ ಮಾಡುತ್ತದೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ. ಒಂದು, ಅಂಚಿನ ಕ್ಯಾಂಬಿಯಂ ಒಣಗಿದರೆ ಅಲ್ಲಿಂದ ಏನೂ ಬರುವುದಿಲ್ಲ. ಎರಡು, ಒಂದು ಕಡೆಯ ಅಂಚಿನ ಮೇಲೆ ಯಾವ ಚಿಗುರೂ ಇಲ್ಲದಿದ್ದರೆ ಆ ಕಡೆಗೆ ಆಹಾರ ಬರುವುದಿಲ್ಲ. ಅಲ್ಲಿನ ತೊಗಟೆ ಮುಂದಿನ ಚಿಗುರಿನವರೆಗೂ ಒಣಗುತ್ತಾ ಇಳಿಯುತ್ತದೆ. ಅದಕ್ಕೇ ನಾವು ಎರಡು ಸಲ ಕೊಯ್ಯುವುದು.

ಯಾವಾಗ ಕೈ ಹಾಕಬೇಕು

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆ 3,000 ಮಿ.ಮೀ. ದಾಟುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಕುಶಾಲನಗರದ ಕಡೆ ಇದಕ್ಕಿಂತ ಎಷ್ಟೋ ಕಡಿಮೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಹೊರದೇಶದ ಪುಸ್ತಕ, ವಿಡಿಯೋಗಳ ತಿಂಗಳ ಪಟ್ಟಿ ಇಲ್ಲಿ ನಡೆಯುವುದಿಲ್ಲ. ಅವರ ಬೇಸಿಗೆಯ ನಡುವೆ ನಮಗೆ ಕಕ್ಕಡ ತಿಂಗಳು, ಅಂದರೆ ಜುಲೈ–ಆಗಸ್ಟ್‌ನ ಜಡಿಮಳೆ. ಬಿಸಿಲಿನ ಮುಖ ನೋಡಲು ವಾರಗಟ್ಟಲೆ ಕಾಯಬೇಕು.

ಇಲ್ಲಿಗೆ ಹೊಂದುವ ಲೆಕ್ಕ ಹೀಗಿದೆ. ಹುತ್ತರಿ (ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಮೇಲೆ ಎಲೆ ಕಂದು ತಿರುಗಿ ಉದುರಲು ಶುರುವಾಗುತ್ತದೆ. ಚಳಿ ಚೆನ್ನಾಗಿ ಬಿದ್ದ ವರ್ಷ ಬೇಗ, ಇಲ್ಲದಿದ್ದರೆ ಜನವರಿವರೆಗೂ ಎಳೆಯುತ್ತದೆ. ದೊಡ್ಡ ಕೊಯ್ತಕ್ಕೆ ಒಳ್ಳೆಯ ಸಮಯ ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ, ಮೊಗ್ಗು ಉಬ್ಬುವ ಮುಂಚೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುಂಚೆ. ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಜೋರು, ಗಿಡವೂ ಜೋರು. ಕ್ಯಾಲಸ್ ಓಡುವುದು ಆಗಲೇ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಯವನ್ನು ಮುಟ್ಟಬೇಡಿ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತ ಹಬ್ಬ ಕಳೆದು ಬಿಸಿಲು ಮರಳಿದ ಮೇಲೆ ಎರಡನೇ ಸಣ್ಣ ಬೆಳೆಗಾಲ ಸಿಗುತ್ತದೆ. ಅಂಚು ಕೆರೆಯುವಂಥ ಸಣ್ಣ ಕೆಲಸ ಆಗ ಮಾಡಬಹುದು.

ತೋಟದವರಿಗೆ ಒಂದು ತೊಂದರೆ ಇದೆ. ಜನವರಿ, ಫೆಬ್ರವರಿಯಲ್ಲಿ ಕಾಫಿ ಕುಯ್ಲು, ಕಣದ ತುಂಬ ಕಾಫಿ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆದರೂ ಒಂದು ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಮಾರ್ಚ್ ಕೊನೆಗೆ ಕೊಯ್ದರೆ ಆ ವರ್ಷದ ಒಳ್ಳೆಯ ಬಿಸಿಲು ಅರ್ಧ ಕಳೆದು ಹೋಗಿರುತ್ತದೆ.

ಸಲಕರಣೆ

ಹರಿತವಾದ ಕೈಗರಗಸ, ಸಿಕೇಟರ್ (ಗಿಡ ಸವರುವ ಕತ್ತರಿ), ಕಸಿ ಚಾಕು, ಅಗಲ ಉಳಿ ಒಂದು, ದುಂಡು ಉಳಿ ಒಂದು, ಮರದ ಕೊಡತಿ. ಕಾನ್ಕೇವ್ ಕಟರ್, ನಾಬ್ ಕಟರ್ ಅನ್ನೋ ಬೋನ್ಸಾಯ್ ಕತ್ತರಿಗಳು ಇದ್ದರೆ ಸುಲಭ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಡೈ ಗ್ರೈಂಡರ್ (ಮರ ಕೊರೆಯುವ ಕೈಯಂತ್ರ) ಬಳಸುವವರು ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಲೇಬೇಕು. ಅದರ ಬಿಸಿಗೆ ಕ್ಯಾಂಬಿಯಂ ಸುಡುತ್ತದೆ. ಹಾಗಾಗಿ ಅಂಚಿನ ಹತ್ತಿರ ಯಂತ್ರ ತರಬೇಡಿ, ಅಲ್ಲಿ ಚಾಕು ಮಾತ್ರ. ಎಲ್ಲವನ್ನೂ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಮೆಣಸಿನ ಬಳ್ಳಿ, ಕಿತ್ತಳೆ ಗಿಡ ಕತ್ತರಿಸಿದ ಸಿಕೇಟರ್ ಆದರಂತೂ ಖಂಡಿತ.

ಹಂತ 1: ಮೊದಲ ಕೊಯ್ತ, ನೇರ ಮತ್ತು ಎತ್ತರದಲ್ಲಿ

ಗಿಡ ಕೊನೆಗೆ ಎಷ್ಟು ಎತ್ತರ ಇರಬೇಕು ಅಂತ ಮೊದಲು ನಿರ್ಧರಿಸಿ. ಕಾಂಡದ ಮೊದಲ ಭಾಗ, ಅಂದರೆ ಬುಡದಿಂದ ಕೊಯ್ತದವರೆಗಿನ ಭಾಗ, ಆ ಎತ್ತರದ ಅರ್ಧದ ಆಸುಪಾಸು ಬಂದರೆ ಸಾಕು. 60 ಸೆಂ.ಮೀ. ಮರ ಬೇಕಾದರೆ ತಿರುವು 30 ಸೆಂ.ಮೀ. ಸುತ್ತಮುತ್ತ ಬರಲಿ. ಫ್ಲ್ಯಾಟ್ ಟಾಪ್ ಮಾಡುವವರು ಇನ್ನೂ ಮೇಲೆ ಹೋಗಬಹುದು. ಆ ಶೈಲಿಯಲ್ಲಿ ಉದ್ದ ಬರಿಗಾಂಡವೇ ಚೆಂದ.

ಆದರೆ ಅಲ್ಲಿಗೇ ಕೊಯ್ಯಬೇಡಿ. ಅದಕ್ಕಿಂತ 7–8 ಸೆಂ.ಮೀ. ಮೇಲೆ, ನೇರವಾಗಿ ಅಡ್ಡಕ್ಕೆ ಕೊಯ್ಯಿರಿ. ಚಿಗುರು ಎಲ್ಲಿ ಬರುತ್ತದೋ ಈಗ ಹೇಳಲಾಗದು. ತುದಿ ಸ್ವಲ್ಪ ಒಣಗಿದರೂ ಒಣಗಲು ಜಾಗ ಇರಲಿ. ಈಗಲೇ ಓರೆಯಾಗಿ ಕೊಯ್ದು, ಚಿಗುರು ಓರೆಯ ಕೆಳ ತುದಿಯಲ್ಲಿ ಬಂತು ಅಂದರೆ ಮೇಲಿನ ತುದಿ ಪೂರ್ತಿ ಸತ್ತ ಹಾಗೆಯೇ.

ಕೊಯ್ಯುವ ಕ್ರಮ ಮರಗಸಿ (ತೋಟದ ನೆರಳುಮರದ ಕೊಂಬೆ ಕಡಿಯುವ ಕೆಲಸ) ಮಾಡುವವರಿಗೆ ಗೊತ್ತೇ ಇದೆ. ಮೊದಲು ಒಂದು ಕಡೆಯಿಂದ ಕಾಲು ಭಾಗ ಕಚ್ಚು ಹಾಕಿ, ಆಮೇಲೆ ಎದುರು ಕಡೆಯಿಂದ ಪೂರ್ತಿ ಮಾಡಿ. ಇಲ್ಲದಿದ್ದರೆ ಮೇಲಿನ ಭಾರಕ್ಕೆ ತೊಗಟೆ ಕೆಳಗಿನವರೆಗೂ ಸಿಬಿರು ಏಳುತ್ತದೆ. ಬಾಲ್ಡ್ ಸೈಪ್ರೆಸ್ ತೊಗಟೆ ನಾರುನಾರು, ಒಮ್ಮೆ ಎದ್ದರೆ ಗೇಣುದ್ದ ಹೋಗುತ್ತದೆ. ಕೊಯ್ದ ಮೇಲೆ ತೊಗಟೆಯ ಅಂಚನ್ನು ಕಸಿ ಚಾಕುವಿನಲ್ಲಿ ಸುತ್ತ ಒಂದು ಸಲ ನುಣುಪಾಗಿ ಕೊಯ್ದು ಪೇಸ್ಟ್ ಹಚ್ಚಿ. ಈ ಗಾಯ ತಾತ್ಕಾಲಿಕ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಂತ 2: ಚಿಗುರು ಆರಿಸುವುದು

ಒಂದೆರಡು ತಿಂಗಳಲ್ಲಿ ಕಾಂಡದ ತುಂಬ ಚಿಗುರು ಏಳುತ್ತವೆ. ಕೊಯ್ತದ ಕೆಳಗಂತೂ ಗುಂಪುಗುಂಪು. ನೋಡಲು ಖುಷಿಯಾಗುತ್ತದೆ, ಆದರೆ ಹಾಗೇ ಬಿಟ್ಟರೆ ಅಷ್ಟೂ ಚಿಗುರು ದಪ್ಪ ಆಗುತ್ತಾ ಆ ಜಾಗ ಊದಿಕೊಂಡು ಗಂಟಾಗುತ್ತದೆ. ಬುಡಕ್ಕಿಂತ ಮೇಲೇ ದಪ್ಪ! ಆ ತಪ್ಪನ್ನು ಆಮೇಲೆ ಸರಿ ಮಾಡುವುದು ಬಹಳ ಕಷ್ಟ.

ಚಿಗುರು 10–15 ಸೆಂ.ಮೀ. ಆದಾಗ ಆರಿಸಿ. ಕಾಫಿಯಲ್ಲಿ ಕಂಬಚಿಗುರು ತೆಗೆದ ಹಾಗೆ ಕೈಯಲ್ಲೇ ಚಿವುಟಬಹುದು. ಮೇಲುಗಡೆ ಎರಡೇ ಚಿಗುರು ಉಳಿಸಿ. ಒಂದು ಲೀಡರ್, ಮುಂದೆ ಅದೇ ಕಾಂಡ. ಇನ್ನೊಂದು ಅದರ ಎದುರು ಬದಿಯಲ್ಲಿ, ಮುಂದಿನ ಓರೆ ಕೊಯ್ತ ಇಳಿದು ಮುಗಿಯುವಷ್ಟು ಕೆಳಗೆ. ಎದುರು ಚಿಗುರಿನ ಕೆಲಸ ಒಂದೇ: ಮುಂದೆ ಬರುವ ಓರೆ ಗಾಯದ ಕೆಳ ಅಂಚನ್ನು ಬದುಕಿಸಿ ಇಡುವುದು. ಕೆಳಗಿನ ಕೊಂಬೆಗಳಿಗೆ ಬೇಕಾದ ಚಿಗುರುಗಳನ್ನೂ ಉಳಿಸಿ. ಈ ಮರದ ಜೋರು ಯಾವಾಗಲೂ ತುದಿಗೇ, ಕೆಳಗಿನವು ಸುಲಭವಾಗಿ ಸೊರಗುತ್ತವೆ.

ಲೀಡರ್ ಯಾವ ಬದಿಯಲ್ಲಿರಬೇಕು? ಮರದ ಮುಂಭಾಗ ಯಾವುದು ಅಂತ ನೋಡಿ, ಓರೆ ಗಾಯ ಹಿಂದಕ್ಕೆ ಅಥವಾ ಪಕ್ಕಕ್ಕೆ ಮುಖ ಮಾಡುವ ಹಾಗೆ ಆರಿಸಿ. ಗಾಯ ಹಿಂದಕ್ಕೆ ಬೇಕಾದರೆ ಲೀಡರ್ ಮುಂಬದಿಯಲ್ಲಿರಬೇಕು. ಎಷ್ಟೋ ಜನ ಇದನ್ನು ಉಲ್ಟಾ ಮಾಡಿ, ಎಲ್ಲಾ ಮುಗಿದ ಮೇಲೆ ಗಾಯವನ್ನೇ ಎದುರಿಗೆ ಇಟ್ಟುಕೊಳ್ಳುತ್ತಾರೆ.

ಹೊಸ ಚಿಗುರು ಕಾಂಡಕ್ಕೆ ಅಂಟಿಕೊಂಡಿರುವ ಬುಡ ಮೊದಲ ತಿಂಗಳುಗಳಲ್ಲಿ ತುಂಬ ನಾಜೂಕು. ತಂತಿ ಸುತ್ತಿ ಬಗ್ಗಿಸಲು ಹೋದರೆ ಬುಡಸಮೇತ ಕಿತ್ತು ಬರುತ್ತದೆ. ಮೇಲೆ ಉಳಿದಿರುವ 7–8 ಸೆಂ.ಮೀ. ಮೋಟಿಗೆ ಅದನ್ನು ಮೆತ್ತಗಿನ ದಾರದಲ್ಲಿ ಸಡಿಲವಾಗಿ ಕಟ್ಟಿ. ಮೋಟು ಬಿಟ್ಟಿದ್ದಕ್ಕೆ ಇದು ಇನ್ನೊಂದು ಲಾಭ. ಚಿಗುರು ಪೆನ್ಸಿಲ್ ದಪ್ಪ ಬರುವ ಹೊತ್ತಿಗೆ ಅಲ್ಯೂಮಿನಿಯಂ ತಂತಿ ಹಾಕಿ ಮೊದಲ ತಿರುವು ಕೊಡಬಹುದು. ನಾಲ್ಕು ವಾರಕ್ಕೊಮ್ಮೆ ನೋಡುತ್ತಿರಿ. ಬೆಳೆಗಾಲದಲ್ಲಿ ತಂತಿ ಬೇಗ ಕಚ್ಚುತ್ತದೆ.

ಹಂತ 3: ಓರೆ ಕೊಯ್ತ

ಇದು ಮುಂದಿನ ವರ್ಷದ ಫೆಬ್ರವರಿ ಕೆಲಸ. ಲೀಡರ್ ಅಷ್ಟರಲ್ಲಿ ಹೆಬ್ಬೆರಳ ದಪ್ಪ ಬಂದಿದ್ದರೆ ಒಳ್ಳೆಯದು. ಬಂದಿಲ್ಲದಿದ್ದರೆ ಇನ್ನೊಂದು ವರ್ಷ ಬಿಡಿ, ಅವಸರ ಬೇಡ.

ಮೊದಲು ಸುಣ್ಣದ ಕಡ್ಡಿಯಲ್ಲಿ ಗೆರೆ ಹಾಕಿ. ಗೆರೆ ಲೀಡರ್‌ನ ಬುಡಕ್ಕಿಂತ ಅರ್ಧ ಸೆಂ.ಮೀ. ಮೇಲೆ ಶುರುವಾಗಿ, ಎದುರು ಬದಿಗೆ ಇಳಿದು, ಎದುರು ಚಿಗುರಿನ ಸ್ವಲ್ಪ ಮೇಲೆ ಮುಗಿಯಬೇಕು. ಲೀಡರ್ ಬುಡಕ್ಕೆ ತೀರ ಅಂಟಿಸಿ ಕೊಯ್ದರೆ ಅದರ ಬುಡವೇ ಒಣಗುವ ಅಪಾಯ ಇದೆ.

ಓರೆ ಎಷ್ಟಿರಬೇಕು ಅನ್ನೋದರಲ್ಲಿ ಒಂದು ಲೆಕ್ಕ ಇದೆ. ಕಾಂಡ 8 ಸೆಂ.ಮೀ. ದಪ್ಪ ಅಂತಿಟ್ಟುಕೊಳ್ಳಿ. ನೇರ ಅಡ್ಡ ಕೊಯ್ತದಿಂದ 45 ಡಿಗ್ರಿ ಓರೆಗೆ ಗಾಯದ ಉದ್ದ ಸುಮಾರು 11 ಸೆಂ.ಮೀ., 60 ಡಿಗ್ರಿಗೆ 16 ಸೆಂ.ಮೀ. ಉದ್ದ ಜಾಸ್ತಿ ಅಂತ ಹೆದರಿ ಹಲವರು ಕಡಿಮೆ ಓರೆ ಮಾಡುತ್ತಾರೆ. ಆದರೆ ಅಗಲ ಎರಡರಲ್ಲೂ 8 ಸೆಂ.ಮೀ. ಮಾತ್ರ. ಕ್ಯಾಲಸ್ ಮುಖ್ಯವಾಗಿ ಎರಡು ಪಕ್ಕಗಳಿಂದ ಉರುಳಿ ಬರುತ್ತದೆ, ಪ್ರತಿ ಪಕ್ಕ ಸಾಗಬೇಕಾದ್ದು 4 ಸೆಂ.ಮೀ. ಹಾಗಾಗಿ ಕಡಿದಾದ ಓರೆಯಿಂದ ಮಾಯುವ ಸಮಯ ಅಷ್ಟೇನೂ ಹೆಚ್ಚುವುದಿಲ್ಲ. ಬದಲಿಗೆ ಕಾಂಡ ದಪ್ಪದಿಂದ ಸಣ್ಣಕ್ಕೆ ಇಳಿಯುವುದು ಸಹಜವಾಗಿ ಕಾಣುತ್ತದೆ, ನೀರೂ ನಿಲ್ಲುವುದಿಲ್ಲ. ನಮ್ಮ ಮಳೆಗೆ ನಾನು 60ರ ಪಕ್ಷ.

ಗರಗಸದ ಕೆಲಸ ಮುಗಿದ ಮೇಲೆ ಗಾಯದ ಎರಡು ತುದಿಗಳನ್ನು, ಮೇಲಿನದು ಮತ್ತು ಕೆಳಗಿನದು, ಚಾಕುವಿನಲ್ಲಿ ಚೂಪು ಮಾಡಿ. ದುಂಡು ತುದಿಯಲ್ಲಿ ರಸ ತಿರುಗಿ ಹೋಗಲು ದಾರಿ ಇರುವುದಿಲ್ಲ, ಅಲ್ಲಿ ತೊಗಟೆ ಸಾಯುತ್ತದೆ. ಚೂಪು ತುದಿಯಲ್ಲಿ ಎರಡೂ ಪಕ್ಕದ ಕ್ಯಾಲಸ್ ಬೇಗ ಸೇರುತ್ತದೆ.

ಹಂತ 4: ಒಳಗೆ ತೋಡುವುದು

ಗರಗಸ ಬಿಟ್ಟ ಚಪ್ಪಟೆ ಮುಖವನ್ನು ಹಾಗೇ ಬಿಟ್ಟರೆ ಕ್ಯಾಲಸ್ ಅದರ ಮೇಲೆ ಹತ್ತಿ ಕೂರುತ್ತದೆ. ಗಾಯ ಮುಚ್ಚುತ್ತದೆ, ಆದರೆ ಅಲ್ಲಿ ಒಂದು ಗುಬುಟು ಉಳಿಯುತ್ತದೆ. ಬಾಲ್ಡ್ ಸೈಪ್ರೆಸ್ ಕ್ಯಾಲಸ್ ದಪ್ಪ, ಆದ್ದರಿಂದ ಉಳಿದ ಮರಗಳಿಗಿಂತ ಸ್ವಲ್ಪ ಆಳ ಬೇಕು.

ದುಂಡು ಉಳಿಯಿಂದ ಗಾಯದ ಒಳಭಾಗವನ್ನು ತೋಡಿ. ಅಂಚಿನ ಹತ್ತಿರ 3–4 ಮಿ.ಮೀ., ನಡುವೆ 1 ಸೆಂ.ಮೀ.ವರೆಗೆ. ಉಳಿಯನ್ನು ಯಾವಾಗಲೂ ಅಂಚಿನಿಂದ ನಡುವಿಗೆ ಓಡಿಸಿ. ನಡುವಿನಿಂದ ಹೊರಕ್ಕೆ ಹೊಡೆದರೆ ತೊಗಟೆ ಎದ್ದು ಬರುತ್ತದೆ. ಕೊನೆಗೆ ಹೊಸ ಬ್ಲೇಡ್ ಅಥವಾ ಕಸಿ ಚಾಕುವಿನಲ್ಲಿ ಸುತ್ತಲಿನ ತೊಗಟೆಯನ್ನು ಒಂದೇ ಗೀಟಿನಲ್ಲಿ ಕೊಯ್ದು ಅಂಚು ಹಸಿರಾಗಿ, ಹಸಿಯಾಗಿ ಕಾಣುವ ಹಾಗೆ ಮಾಡಿ.

ತೋಡಿದ ಬಟ್ಟಲಿನ ಕೆಳ ತುದಿಯಲ್ಲಿ ತಡೆ ಇರಬಾರದು. ಒಂದು ಲೋಟ ನೀರು ಸುರಿದು ನೋಡಿ. ಪೂರ್ತಿ ಹರಿದು ಹೋಗಬೇಕು. ಎಲ್ಲಾದರೂ ನಿಂತರೆ ಅಲ್ಲಿಂದ ಹೊರಕ್ಕೆ ಸಣ್ಣ ಕಾಲುವೆ ತೆಗೆಯಿರಿ. ಜುಲೈಯಲ್ಲಿ ಅಲ್ಲಿ ನಿಲ್ಲುವ ನೀರು ಸೆಪ್ಟೆಂಬರ್ ಹೊತ್ತಿಗೆ ಮರವನ್ನು ಮೆತ್ತಗೆ ಮಾಡಿರುತ್ತದೆ.

ಹಂತ 5: ಹಚ್ಚುವುದು

ಪೇಸ್ಟ್‌ನ ಕೆಲಸ ಅಂಚು ಒಣಗದಂತೆ ಕಾಯುವುದು, ಅಷ್ಟೇ. ಬೋನ್ಸಾಯ್ ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ: ಟ್ಯೂಬಿನಲ್ಲಿ ಬರುವ ತೆಳು ಪೇಸ್ಟ್, ಡಬ್ಬಿಯಲ್ಲಿ ಬರುವ ಮುದ್ದೆ ಪೇಸ್ಟ್. ದೊಡ್ಡ ಗಾಯಕ್ಕೆ ಮುದ್ದೆಯೇ ಸರಿ. ಕೈ ಒದ್ದೆ ಮಾಡಿಕೊಂಡು ಹೊಸೆದು ಅಂಚಿನ ಮೇಲೆ ಒತ್ತಿದರೆ ಕೂರುತ್ತದೆ. ಕ್ಯಾಲಸ್ ಬೆಳೆದ ಹಾಗೆ ತಾನೇ ಅದನ್ನು ತಳ್ಳಿಕೊಂಡು ಬರುತ್ತದೆ.

ಅಂಗಡಿಯದು ಸಿಗದಿದ್ದರೆ ಜೇನುಮೇಣ ಇದೆ. ಕೊಡಗಿನಲ್ಲಿ ಅದಕ್ಕೇನು ಬರ! ಸಣ್ಣ ಉರಿಯಲ್ಲಿ ಕರಗಿಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸೇರಿಸಿ ಮೆದು ಮಾಡಿ. ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಅಂಚಿಗೆ ಹಚ್ಚಿ. ಬಿಸಿ ಮೇಣ ಹಚ್ಚಿದರೆ ಕ್ಯಾಂಬಿಯಂ ಬೇಯುತ್ತದೆ.

ತೋಟದಲ್ಲಿ ಎಲ್ಲರ ಮನೆಯಲ್ಲೂ ಮೈಲುತುತ್ತ, ಸುಣ್ಣ ಇದ್ದೇ ಇರುತ್ತವೆ. ಬೋರ್ಡೋ ಪೇಸ್ಟ್ ಹಚ್ಚಬಹುದಾ ಅಂತ ಕೇಳುತ್ತಾರೆ. ಗಾಯದ ನಡುವಿನ ಒಣ ಮರಕ್ಕೆ ಹಚ್ಚಬಹುದು. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಟ್ಟು 1 ಲೀಟರ್ ನೀರು, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕಲಸಿ ಆಮೇಲೆ ಸೇರಿಸಿ. ಶಿಲೀಂಧ್ರಕ್ಕೆ ಒಳ್ಳೆಯ ತಡೆ. ಆದರೆ ಹಸಿ ಅಂಚಿಗೆ ತಾಗಿಸಬೇಡಿ. ಅಲ್ಲಿ ಮೊದಲು ಮೇಣ ಅಥವಾ ಪೇಸ್ಟ್ ಹಚ್ಚಿ ಮುಚ್ಚಿಕೊಂಡು, ಆಮೇಲೆ ನಡುವಿಗೆ ಬ್ರಷ್‌ನಲ್ಲಿ ಬೋರ್ಡೋ ಬಳಿಯಿರಿ.

ಸಗಣಿ, ಮಣ್ಣು ಬಳಿಯುವುದು ಬೇಡ. ಮೊದಲ ಮಳೆಗೇ ತೊಳೆದು ಹೋಗುತ್ತದೆ, ಅಲ್ಲಿಯವರೆಗೆ ಒಳಗೆ ತೇವ ಹಿಡಿದಿಡುತ್ತದೆ. ಸಿಮೆಂಟ್ ತುಂಬುವುದಂತೂ ಬೇಡವೇ ಬೇಡ. ಸಿಮೆಂಟಿಗೂ ಮರಕ್ಕೂ ನಡುವೆ ನೀರು ಇಳಿದರೆ ಒಣಗುವ ದಾರಿಯೇ ಇರುವುದಿಲ್ಲ.

ಹಂತ 6: ಬೆಳೆಯಲು ಬಿಡುವುದು

ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಕಷ್ಟದ ಹಂತ ಇದು. ಯಾಕೆಂದರೆ ಕೈ ಸುಮ್ನೆ ಇರುವುದಿಲ್ಲ. ಲೀಡರ್ ಎರಡು ಮೀಟರ್ ಏರಿದರೂ ಕತ್ತರಿಸಬೇಡಿ. ನೋಡಲು ವಿಕಾರವಾಗಿರುತ್ತದೆ, ಬಂದವರು ನಗುತ್ತಾರೆ, ಇರಲಿ. ಆ ಉದ್ದದಲ್ಲಿರುವ ಪ್ರತಿ ಎಲೆಯೂ ಗಾಯದ ಅಂಚಿಗೆ ಊಟ ಕಳಿಸುತ್ತಿದೆ. ತುದಿ ಚಿವುಟಿದ ದಿನವೇ ಕ್ಯಾಲಸ್‌ನ ಓಟ ನಿಧಾನವಾಗುತ್ತದೆ.

ಗಾಯ ಮಾಯುವವರೆಗೆ ಬೋನ್ಸಾಯ್ ಟ್ರೇ ಮರೆತುಬಿಡಿ. ದೊಡ್ಡ ಟಬ್ಬಿನಲ್ಲಿಡಿ. ಇನ್ನೂ ಒಳ್ಳೆಯದು ಬೇಕಾದರೆ ಗದ್ದೆ. ಕೊಡಗಿನಲ್ಲಿ ಈಗ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಅಲ್ವಾ? ಜೌಗಿನಲ್ಲಿ ಹುಟ್ಟಿದ ಈ ಮರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೇರಿನ ಕೆಳಗೆ ಒಂದು ಹೆಂಚು ಅಥವಾ ಟೈಲ್ಸ್ ಇಟ್ಟು ನೆಟ್ಟರೆ ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡುತ್ತದೆ, ಮುಂದೆ ಕೀಳುವಾಗ ಸುಲಭ. 4–5 ಸೆಂ.ಮೀ. ಅಗಲದ ಗಾಯ ಗದ್ದೆಯಲ್ಲಿ ಎರಡು ಮೂರು ಬೆಳೆಗಾಲದಲ್ಲಿ ಹೆಚ್ಚುಕಡಿಮೆ ಮುಚ್ಚಬಹುದು. ಅದೇ ಗಾಯ ಸಣ್ಣ ಕುಂಡದಲ್ಲಿ ವರ್ಷಗಟ್ಟಲೆ ಬಾಯಿ ತೆರೆದುಕೊಂಡೇ ಇರುತ್ತದೆ.

ಬಿಸಿಲು ಪೂರ್ತಿ ಬೇಕು. ತೋಟದ ಮನೆಗಳ ಸುತ್ತ ಸಿಲ್ವರ್ ಓಕ್, ಹಲಸಿನ ನೆರಳು ಜಾಸ್ತಿ. ಕುಯ್ಲು ಮುಗಿದ ಮೇಲೆ ಕಣದ ಅಂಚಿಗೆ ತಂದಿಡಿ. ಬೇಸಿಗೆಯಲ್ಲಿ ಟಬ್ಬನ್ನು ಇನ್ನೊಂದು ನೀರಿನ ಟಬ್ಬಿನಲ್ಲಿ ನಿಲ್ಲಿಸಿದರೆ ಒಣಗುವ ಭಯ ಇರುವುದಿಲ್ಲ. ಸೊಳ್ಳೆಗೆ ನಾಲ್ಕು ಗಪ್ಪಿ ಮೀನು ಬಿಡಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಹೊಸ ಎಲೆ ಹಳದಿ ತಿರುಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಅದು ಕಬ್ಬಿಣ ಸಿಗದ ಲಕ್ಷಣ. ಮಳೆನೀರು ಅಥವಾ ತೋಡಿನ ನೀರು ಕೊಟ್ಟು, ಚೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರುವ ಕಬ್ಬಿಣದ ಗೊಬ್ಬರ) ಹಾಕಿದರೆ ಸರಿಹೋಗುತ್ತದೆ.

ಗೊಬ್ಬರ ಚಿಗುರು ಒಂದು ಗೇಣು ಆದ ಮೇಲೆ ಶುರು ಮಾಡಿ. ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮ ಇರುವ ಗೊಬ್ಬರ) ಲೀಟರಿಗೆ 1–2 ಗ್ರಾಂ ಸಾಕು. ಕಡಲೆ ಹಿಂಡಿಯೂ ಒಳ್ಳೆಯದೇ, ಆದರೆ ನೀರಿನ ಟಬ್ಬಿನಲ್ಲಿರುವ ಗಿಡಕ್ಕೆ ಹಾಕಿದರೆ ಮನೆಯವರು ನಿಮ್ಮನ್ನೂ ಗಿಡವನ್ನೂ ಹೊರಗೆ ಕಳಿಸುತ್ತಾರೆ. ಮಾರ್ಚ್, ಏಪ್ರಿಲ್‌ನ ಒಣ ದಿನಗಳಲ್ಲಿ ಕೆಂಪು ನುಸಿ ಬರುತ್ತದೆ, ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಎಲೆಯ ಅಡಿಗೆ ರಭಸವಾಗಿ ನೀರು ಹೊಡೆಯುವುದೇ ಮೊದಲ ಮದ್ದು.

ಹಂತ 7: ಅಂಚನ್ನು ಮತ್ತೆ ಎಬ್ಬಿಸುವುದು

ಕ್ಯಾಲಸ್ ಮೊದಲು ಕೆನೆಬಣ್ಣದಲ್ಲಿ, ಮೆತ್ತಗೆ ಕಾಣುತ್ತದೆ. ಆಮೇಲೆ ಅದರ ಮೇಲೂ ತೊಗಟೆ ಕಟ್ಟಿ ಕಂದಾಗುತ್ತದೆ. ಒಂದೆರಡು ಬೆಳೆಗಾಲದ ನಂತರ ಅದರ ಓಟ ನಿಂತ ಹಾಗೆ ಅನ್ನಿಸಬಹುದು. ಆಗ ಕ್ಯಾಲಸ್‌ನ ಒಳ ತುಟಿಯನ್ನು ಮಾತ್ರ ಕಸಿ ಚಾಕುವಿನಲ್ಲಿ 1 ಮಿ.ಮೀ. ಅಗಲಕ್ಕೆ ಸವರಿ. ಹಸಿ ಕಾಣಬೇಕು. ಮತ್ತೆ ಪೇಸ್ಟ್ ಹಚ್ಚಿ. ಮರ ಅದನ್ನು ಹೊಸ ಗಾಯ ಅಂತ ತಿಳಿದು ಮತ್ತೆ ಉರುಳಲು ಶುರು ಮಾಡುತ್ತದೆ. ವರ್ಷಕ್ಕೆ ಎರಡು ಸಲ ಸಾಕು: ಏಪ್ರಿಲ್ ಮೊದಲಲ್ಲಿ ಒಮ್ಮೆ, ಸೆಪ್ಟೆಂಬರ್ ಕೊನೆಯಲ್ಲಿ ಒಮ್ಮೆ. ಗಿಡ ಸೊರಗಿದ್ದರೆ ಒಂದು ಸಲವೂ ಬೇಡ. ಮೊದಲು ಎಲೆ, ಆಮೇಲೆ ಚಾಕು.

ಎರಡು ಕಡೆಯ ಕ್ಯಾಲಸ್ ಒಂದಕ್ಕೊಂದು ತಾಗುವ ಹಂತ ಬಂದಾಗ ಅವು ತಾವಾಗಿ ಸುಲಭದಲ್ಲಿ ಬೆಸೆಯುವುದಿಲ್ಲ. ನಡುವೆ ಎರಡು ತೊಗಟೆ ಇರುತ್ತವೆ. ತಾಗುವ ಎರಡೂ ಮುಖಗಳನ್ನು ಸವರಿ ಹಸಿ ಮಾಡಿ, ಕಸಿ ಟೇಪ್ ಬಿಗಿಯಾಗಿ ಸುತ್ತಿ, ಮೇಲೆ ಪೇಸ್ಟ್ ಹಚ್ಚಿ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಕೂಡಿಕೊಂಡಿರುತ್ತದೆ. ಮಳೆ ಹಿಡಿಯುವ ಮುಂಚೆ ಟೇಪ್ ಬಿಚ್ಚಲು ಮರೆಯಬೇಡಿ. ಒಳಗೆ ನೀರು ನಿಂತು ಬೂಸ್ಟು ಹಿಡಿಯುತ್ತದೆ.

ಎದುರು ಚಿಗುರು ನೆನಪಿದೆಯಾ? ಗಾಯದ ಕೆಳ ತುದಿ ಪೂರ್ತಿ ಮುಚ್ಚಿದ ಮೇಲೆ ಅದನ್ನು ತೆಗೆಯಬಹುದು. ಅಲ್ಲಿಯವರೆಗೆ ಅದು ತೀರ ದಪ್ಪ ಆಗದ ಹಾಗೆ ಆಗಾಗ ಎರಡು ಮೂರು ಗೆಣ್ಣಿಗೆ ಮೊಟಕು ಮಾಡುತ್ತಿರಿ. ಲೀಡರ್ ಒಂದಕ್ಕೇ ಪೂರ್ತಿ ಸ್ವಾತಂತ್ರ್ಯ.

ಮಳೆಗಾಲದಲ್ಲಿ

ಮೇ ಕೊನೆಗೆ ಒಂದು ಸಲ ಗಾಯ ಪರೀಕ್ಷಿಸಿ. ಪೇಸ್ಟ್ ಬಿಟ್ಟಲ್ಲಿ ಒಣ ಹವೆ ಇರುವಾಗಲೇ ಹೊಸದು ಹಚ್ಚಿ. ಒದ್ದೆ ಮರದ ಮೇಲೆ ಯಾವುದೂ ಕೂರುವುದಿಲ್ಲ. ಒಣ ಮರಕ್ಕೆ ಬೋರ್ಡೋ ಇನ್ನೊಂದು ಕೈ. ಬೇರಿಗೆ ಎಷ್ಟು ಮಳೆ ಬಿದ್ದರೂ ಈ ಮರ ಹೆದರುವುದಿಲ್ಲ, ಗಾಯಕ್ಕೆ ಮಾತ್ರ ಮಳೆ ಬೇಡ. ಸಾಧ್ಯವಿದ್ದರೆ ಸೂರಿನ ನೀರು ನೇರ ಬೀಳದ ಜಾಗಕ್ಕೆ ಸರಿಸಿ. ಪ್ಲಾಸ್ಟಿಕ್ ಸುತ್ತಬೇಡಿ.

ಮುಚ್ಚುವ ಬದಲು ಪೊಟರೆ ಮಾಡಬಹುದಾ?

ಗಾಯ 10 ಸೆಂ.ಮೀ.ಗಿಂತ ಅಗಲ ಇದ್ದರೆ ಈ ಪ್ರಶ್ನೆ ಬರುತ್ತದೆ. ಮರವನ್ನು ಒಣ ಮರವಾಗಿಯೇ ಕೆತ್ತಿ, ಸಿಡಿಲು ಹೊಡೆದ ಹಾಗೆ ತೋರಿಸುವುದು ಒಂದು ಒಳ್ಳೆಯ ದಾರಿ. ಅಮೆರಿಕದ ಕಲಾವಿದರು ಇದನ್ನು ಚೆನ್ನಾಗಿ ಮಾಡುತ್ತಾರೆ. ಆದರೆ ಸೈಪ್ರೆಸ್ ಮರ ಕೊಳೆಯುವುದಿಲ್ಲ ಅನ್ನೋ ಮಾತನ್ನು ಹಾಗೇ ನಂಬಬೇಡಿ. ಆ ಹೆಸರು ಬಂದದ್ದು ನೂರಾರು ವರ್ಷದ ಮರದ ಚೇಗಿಗೆ. ನಮ್ಮ ಟಬ್ಬಿನ ಎಳೆ ಗಿಡದಲ್ಲಿ ಇರುವುದೆಲ್ಲ ಹೊರಗಿನ ಬಿಳಿ ಮರ. ಕೊಡಗಿನ ಮಳೆಗೆ ಅದು ಕೆಲವೇ ವರ್ಷದಲ್ಲಿ ಪುಡಿಯಾಗುತ್ತದೆ, ಗೆದ್ದಲು ಹತ್ತಿದರೆ ಇನ್ನೂ ಬೇಗ. ಮಾಡಲೇಬೇಕು ಅಂತಿದ್ದರೆ ಕೆತ್ತುವ ಕೆಲಸ ಡಿಸೆಂಬರ್, ಜನವರಿಯಲ್ಲಿ ಮುಗಿಸಿ, ವರ್ಷಕ್ಕೆ ಎರಡು ಸಲ ಸುಣ್ಣ–ಗಂಧಕದ ದ್ರಾವಣ ಬಳಿಯಿರಿ, ಕುಂಡವನ್ನು ನೆಲಕ್ಕೆ ತಾಗದ ಹಾಗೆ ಸ್ಟ್ಯಾಂಡ್ ಮೇಲಿಡಿ. ಕುಶಾಲನಗರದ ಕಡೆಯವರು ಧೈರ್ಯ ಮಾಡಬಹುದು. ಮಡಿಕೇರಿ, ಭಾಗಮಂಡಲದವರಿಗೆ ನನ್ನ ಸಲಹೆ ಮುಚ್ಚುವ ದಾರಿಯೇ.

ತೊಂದರೆ ಬಂದರೆ

ಅಂಚಿನ ಒಂದು ಕಡೆ ತೊಗಟೆ ಕಂದಾಗಿ ಒಳಗೆ ಕುಸಿದಿದ್ದರೆ, ಉಗುರಿನಲ್ಲಿ ಕೆರೆದು ಹಸಿರು ಎಲ್ಲಿ ಶುರು ಅಂತ ಹುಡುಕಿ. ಅಲ್ಲಿಯವರೆಗೂ ಸತ್ತ ತೊಗಟೆ ತೆಗೆದು, ಹೊಸ ಅಂಚು ಚೂಪಾಗಿ ಮಾಡಿ ಪೇಸ್ಟ್ ಹಚ್ಚಿ. ಬಿಟ್ಟರೆ ಅದರ ಕೆಳಗೆ ಇರುವೆ ಗೂಡು ಕಟ್ಟುತ್ತದೆ.

ಮರ ಕಪ್ಪಾಗಿ ಮೆತ್ತಗಾಗಿದ್ದರೆ ಗಟ್ಟಿ ಮರ ಸಿಗುವವರೆಗೆ ಉಳಿಯಿಂದ ತೆಗೆದು, ನಾಲ್ಕು ದಿನ ಬಿಸಿಲಿಗೆ ಒಣಗಲು ಬಿಟ್ಟು, ಆಮೇಲೆ ಬೋರ್ಡೋ ಬಳಿಯಿರಿ. ಕ್ಯಾಲಸ್ ಒಂದೇ ಕಡೆ ದಪ್ಪ, ಇನ್ನೊಂದು ಕಡೆ ಏನೂ ಇಲ್ಲ ಅಂದರೆ ಆ ಕಡೆ ಮೇಲೆ ಎಲೆ ಇಲ್ಲ ಅಂತ ಅರ್ಥ. ಅಲ್ಲಿ ಏಳುವ ಯಾವ ಚಿಗುರನ್ನೂ ಚಿವುಟದೆ ಉಳಿಸಿಕೊಳ್ಳಿ.

ಮುಂದಿನ ಕೊಯ್ತ

ಲೀಡರ್‌ನ ಬುಡ, ಗಾಯದ ಜಾಗದ ಕಾಂಡದ ಮೂರರಲ್ಲಿ ಎರಡು ಭಾಗದಷ್ಟು ದಪ್ಪ ಬಂದಾಗ, ಅಂದರೆ 8 ಸೆಂ.ಮೀ. ಕಾಂಡಕ್ಕೆ ಸುಮಾರು 5 ಸೆಂ.ಮೀ. ಬಂದಾಗ, ಆ ಲೀಡರನ್ನೂ ಇದೇ ರೀತಿ ಕೊಯ್ಯಬೇಕು. ಗಾಯ ಆಗ ಪೂರ್ತಿ ಮುಚ್ಚಿರಬೇಕು, ಇಲ್ಲವೇ ಬೆರಳ ಅಗಲ ಮಾತ್ರ ಉಳಿದಿರಬೇಕು. ಅದಕ್ಕೂ ಮೊದಲು ಲೀಡರ್ ಕೊಯ್ದರೆ ಕೆಳಗಿನ ಗಾಯ ಅಲ್ಲೇ ನಿಂತುಬಿಡುತ್ತದೆ. ಎರಡನೇ ಭಾಗದ ಉದ್ದ ಮೊದಲಿನದಕ್ಕಿಂತ ಕಡಿಮೆ ಇರಲಿ, ತಿರುವು ಎದುರು ದಿಕ್ಕಿಗೆ ಇರಲಿ. ಈ ಸಲದ ಗಾಯ ಚಿಕ್ಕದು, ಕೆಲಸವೂ ಚಿಕ್ಕದು. ಮತ್ತೆ ಫೆಬ್ರವರಿ, ಮತ್ತೆ 7–8 ಸೆಂ.ಮೀ. ಮೋಟು ಬಿಟ್ಟು ನೇರ ಕೊಯ್ತ. ಗದ್ದೆಯಿಂದ ಗಿಡ ಕಿತ್ತು ಟ್ರೇಗೆ ತರುವ ಯೋಚನೆ ಇದ್ದರೆ ಈ ಎರಡನೇ ಗಾಯವೂ ಮುಚ್ಚುವವರೆಗೆ ಅದನ್ನು ಮುಂದೆ ಹಾಕಿ.